ಧರ್ಮಗ್ರಂಥಗಳಲ್ಲಿ ನೋವು: ಯಾರು, ಯಾರಿಗೆ ಹೇಳಿದ ಮಾತು?

ಸಭಿಕರಿಗೆ ನಮಸ್ಕಾರ.

ದೇಹದ ನೋವು ಮತ್ತು ಮನಸ್ಸಿನ ನೋವಿನ ಬಗ್ಗೆ ಧರ್ಮಗ್ರಂಥಗಳು ಏನು ಹೇಳುತ್ತವೆ, ಆ ಮಾತುಗಳಲ್ಲಿ ನೊಂದ ಮನುಷ್ಯನಿಗೆ ಅರ್ಥ ದೊರೆಯುವುದು ಹೇಗೆ ಎಂಬುದು ಇಂದಿನ ವಿಷಯ. ಇದರ ಹರವು ಬಹಳ ದೊಡ್ಡದಾದ್ದರಿಂದ ಬೈಬಲ್, ಮಹಾಭಾರತ ಮತ್ತು ಅದರೊಳಗಿನ ಭಗವದ್ಗೀತೆ, ಪಾಲಿ ಭಾಷೆಯ ಬೌದ್ಧ ಗ್ರಂಥಸಮೂಹವಾದ ತ್ರಿಪಿಟಕ, ಕುರ್‌ಆನ್ ಇವುಗಳಿಂದ ಕೆಲವೇ ಭಾಗಗಳನ್ನು ಆಯ್ದುಕೊಂಡಿದ್ದೇನೆ. ಇವೆಲ್ಲ ಒಂದೇ ಮಾತನ್ನು ಹೇಳುತ್ತವೆ ಎಂದು ಸಾಧಿಸುವ ಉದ್ದೇಶ ನನಗಿಲ್ಲ. ಅವು ಹಾಗೆ ಹೇಳುವುದೂ ಇಲ್ಲ. ಆದರೆ ನೋವಿನ ಕುರಿತ ಯಾವುದೇ ವಚನವನ್ನು ಓದುವಾಗ ಒಂದು ಪ್ರಶ್ನೆಯನ್ನು ಕೇಳಿಕೊಂಡರೆ ಆ ವಚನ ಬೇರೆಯೇ ರೀತಿಯಲ್ಲಿ ತೆರೆದುಕೊಳ್ಳುತ್ತದೆ ಎಂಬುದು ನನ್ನ ಅನುಭವ. ಈ ಮಾತನ್ನು ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳುತ್ತಿದ್ದಾರೆ ಎಂಬುದೇ ಆ ಪ್ರಶ್ನೆ.

ನೋವು ಬಂದಾಗ ಮೊದಲು ಏಳುವುದು ಕಾರಣದ ಪ್ರಶ್ನೆ. ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಯೇಸುವಿನ ಶಿಷ್ಯರು ಹುಟ್ಟುಕುರುಡನೊಬ್ಬನನ್ನು ಕಂಡು, ಇವನು ಹೀಗೆ ಹುಟ್ಟಿದ್ದು ಯಾರ ಪಾಪದಿಂದ, ಇವನದೋ ಇವನ ತಂದೆತಾಯಿಗಳದೋ ಎಂದು ಕೇಳುತ್ತಾರೆ. ಅವರು ಆ ಮನುಷ್ಯನೊಂದಿಗೆ ಮಾತನಾಡುತ್ತಿಲ್ಲ, ಅವನ ಬಗ್ಗೆ ಮಾತನಾಡುತ್ತಿದ್ದಾರೆ ಎಂಬುದನ್ನು ಗಮನಿಸಬೇಕು. ಕಣ್ಣು ಕಾಣದವನಿಗೆ ಕಿವಿ ಕೇಳುತ್ತಿರುತ್ತದೆ ಎಂಬುದೂ ಅವರಿಗೆ ಹೊಳೆದಂತಿಲ್ಲ. ಯೇಸು, ಇವನೂ ಪಾಪ ಮಾಡಲಿಲ್ಲ, ಇವನನ್ನು ಹೆತ್ತವರೂ ಮಾಡಲಿಲ್ಲ ಎಂದು ಹೇಳಿ, ದೇವರ ಕಾರ್ಯಗಳು ಇವನಲ್ಲಿ ಕಾಣಿಸಿಕೊಳ್ಳಬೇಕೆಂದು ನುಡಿದು, ನೇರವಾಗಿ ಅವನ ಕಣ್ಣಿನ ಕಡೆಗೆ ತಿರುಗುತ್ತಾನೆ.

ಇದೇ ಬಗೆಯ ಪ್ರಶ್ನೆಯನ್ನು ತ್ರಿಪಿಟಕದ ಒಂದು ಸಂಗ್ರಹವಾದ ಸಂಯುತ್ತ ನಿಕಾಯದಲ್ಲಿ ಮೋಲಿಯಸೀವಕನೆಂಬ ಪರಿವ್ರಾಜಕ ಬುದ್ಧನ ಮುಂದೆ ಇಡುತ್ತಾನೆ. ಮನುಷ್ಯ ಅನುಭವಿಸುವ ಸುಖದುಃಖಗಳೆಲ್ಲ ಹಿಂದೆ ಮಾಡಿದ ಕರ್ಮದಿಂದಲೇ ಬರುತ್ತವೆ ಎಂದು ಕೆಲವರು ಹೇಳುತ್ತಾರಲ್ಲ, ತಮ್ಮ ಅಭಿಪ್ರಾಯವೇನು ಎಂದು ಅವನ ಪ್ರಶ್ನೆ. ಬುದ್ಧನ ಉತ್ತರ ವೈದ್ಯನೊಬ್ಬನ ಉತ್ತರದಂತಿದೆ. ಪಿತ್ತದಿಂದ ಬರುವ ನೋವುಗಳಿವೆ, ಕಫದಿಂದ, ವಾತದಿಂದ, ಈ ಮೂರೂ ಕೂಡಿದ್ದರಿಂದ ಬರುವವಿವೆ. ಋತುಗಳ ಬದಲಾವಣೆಯಿಂದ, ದೇಹವನ್ನು ಸರಿಯಾಗಿ ನೋಡಿಕೊಳ್ಳದೆ ಇರುವುದರಿಂದ, ಇತರರ ಹಲ್ಲೆಯಿಂದ ಬರುವವಿವೆ. ಕರ್ಮದ ಫಲವಾಗಿ ಬರುವವೂ ಇವೆ. ಈ 8 ಕಾರಣಗಳಲ್ಲಿ ಕರ್ಮ ಕೊನೆಯದು. ಎಲ್ಲವೂ ಹಿಂದಿನ ಕರ್ಮವೇ ಎನ್ನುವವರು ತಾವೇ ಕಂಡುಕೊಂಡಿದ್ದನ್ನೂ ಮೀರುತ್ತಾರೆ, ಲೋಕ ಸತ್ಯವೆಂದು ಒಪ್ಪಿದ್ದನ್ನೂ ಮೀರುತ್ತಾರೆ ಎಂದು ಬುದ್ಧ ಸ್ಪಷ್ಟವಾಗಿ ಹೇಳುತ್ತಾನೆ. ಕರ್ಮಸಿದ್ಧಾಂತವನ್ನು ಒಪ್ಪಿಕೊಂಡ ಪರಂಪರೆಯೊಂದರ ಒಳಗಿನಿಂದಲೇ ಬಂದ ಮಾತಿದು. ಕಾಯಿಲೆ ಬಿದ್ದವರನ್ನು ನೋಡಲು ಹೋಗಿ ‘ಪೂರ್ವಜನ್ಮದ ಕರ್ಮ’ ಎಂದು ನಿಟ್ಟುಸಿರುಬಿಟ್ಟು ಬರುವವರಿಗೆ ಈ ಪುಟ್ಟ ಸುತ್ತವನ್ನು, ಅಂದರೆ ಬುದ್ಧನ ಉಪದೇಶದ ಪಾಠವನ್ನು, ಯಾರಾದರೂ ಓದಿ ಹೇಳಬೇಕು.

ನೋವನ್ನು ಪಾಪಕ್ಕೆ ಜೋಡಿಸುವ ಮಾತುಗಳು ಈ ಗ್ರಂಥಗಳಲ್ಲಿ ಇಲ್ಲವೇ ಇಲ್ಲ ಎಂದರೆ ಅದು ಸುಳ್ಳಾಗುತ್ತದೆ. ಬೈಬಲಿನ ಪ್ರಾರ್ಥನಾಗೀತೆಗಳಾದ ಕೀರ್ತನೆಗಳಲ್ಲಿ ಮೂವತ್ತೆಂಟನೆಯದರಲ್ಲಿ ರೋಗಿಯೊಬ್ಬ ತನ್ನ ಪಾಪದಿಂದಲೇ ತನ್ನ ಎಲುಬುಗಳಲ್ಲಿ ಸ್ವಸ್ಥತೆ ಇಲ್ಲ, ಗಾಯಗಳು ಕೊಳೆತು ನಾರುತ್ತಿವೆ ಎಂದು ಗೋಳಾಡುತ್ತಾನೆ. ಆದರೆ ಆ ಮಾತನ್ನು ಆಡುತ್ತಿರುವವನು ರೋಗಿಯೇ. ತನ್ನ ಬದುಕನ್ನು ತಾನೇ ತೂಗಿನೋಡಿ, ತನ್ನ ದೇವರಿಗೆ ತಾನೇ ಹೇಳಿಕೊಳ್ಳುವ ಹಕ್ಕು ಅವನಿಗಿದೆ. ಅದೇ ವಾಕ್ಯವನ್ನು ಪಕ್ಕದಲ್ಲಿ ನಿಂತವನು ಅವನಿಗೆ ಹೇಳಿದರೆ ಒಂದಕ್ಷರವೂ ಬದಲಾಗದೆ ತಪ್ಪೊಪ್ಪಿಗೆ ಹೋಗಿ ಆರೋಪ ಬರುತ್ತದೆ.

ಈ ಬದಲಾವಣೆಯನ್ನು ಬೈಬಲಿನ ಯೋಬನ ಗ್ರಂಥ 42 ಅಧ್ಯಾಯಗಳ ಉದ್ದಕ್ಕೂ ತೋರಿಸುತ್ತದೆ. ಕಥೆಯ ಹೊರರೂಪ ನಿಮಗೆಲ್ಲ ತಿಳಿದದ್ದೇ. ನೀತಿವಂತನಾದ ಯೋಬನ ಆಸ್ತಿಯೂ ಮಕ್ಕಳೂ ಒಂದೇ ದಿನದಲ್ಲಿ ಹೋಗುತ್ತಾರೆ. ಆಮೇಲೆ ಅಂಗಾಲಿನಿಂದ ನೆತ್ತಿಯವರೆಗೆ ಹುಣ್ಣುಗಳೇಳುತ್ತವೆ. ಯೋಬ ಬೂದಿಯಲ್ಲಿ ಕುಳಿತು ಮಡಕೆಯ ಚೂರಿನಿಂದ ಮೈ ಕೆರೆದುಕೊಳ್ಳುತ್ತಾನೆ. ‘ಯೆಹೋವನೇ ಕೊಟ್ಟನು, ಯೆಹೋವನೇ ತೆಗೆದುಕೊಂಡನು’ ಎಂಬ ಪ್ರಸಿದ್ಧ ಮಾತು ಮೊದಲ ಅಧ್ಯಾಯದ್ದು. ಅದನ್ನು ಹೇಳುವವನು ಮಕ್ಕಳನ್ನು ಕಳೆದುಕೊಂಡ ತಂದೆ, ಹೇಳಿಕೊಳ್ಳುವುದು ತನ್ನ ಬಗ್ಗೆ. ಅಷ್ಟು ದೊಡ್ಡ ಮಾತನ್ನಾಡಿದ ಅದೇ ಯೋಬ ಮೂರನೆಯ ಅಧ್ಯಾಯದಲ್ಲಿ ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ. ಸಾವಿನ ಮನೆಯಲ್ಲಿ ಮೊದಲ ಮಾತನ್ನು ಉದ್ಧರಿಸುವವರು ಎರಡನೆಯದನ್ನು ನೆನೆಯುವುದು ಅಪರೂಪ. ಗ್ರಂಥವಾದರೋ ಎರಡನ್ನೂ ಉಳಿಸಿಕೊಂಡಿದೆ. ಮೊದಲನೆಯದು ನಿಜವಾದ ಭಕ್ತಿ, ಎರಡನೆಯದು ಅದರ ಪತನ ಎಂದು ಎಲ್ಲಿಯೂ ತೀರ್ಪು ಕೊಡುವುದಿಲ್ಲ.

ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಸ್ನೇಹಿತರು ಬರುತ್ತಾರೆ. ಬಂದವರು ಅವನ ಗುರುತೇ ಸಿಗದೆ ಗಟ್ಟಿಯಾಗಿ ಅತ್ತು, ಅವನ ಸಂಕಟ ಬಹಳ ದೊಡ್ಡದೆಂದು ಕಂಡು, 7 ದಿನ 7 ರಾತ್ರಿ ಒಂದು ಮಾತೂ ಆಡದೆ ನೆಲದ ಮೇಲೆ ಅವನೊಂದಿಗೆ ಕೂರುತ್ತಾರೆ. ಅಲ್ಲಿಯವರೆಗೆ ಅವರ ಸ್ನೇಹದಲ್ಲಿ ಯಾವ ದೋಷವೂ ಇಲ್ಲ. ಬಾಯಿ ತೆರೆದ ಮೇಲೆ ಅವರು ಹೇಳುವುದು ಮೂರ್ಖತನದ ಮಾತುಗಳಲ್ಲ ಎಂಬುದನ್ನು ಒತ್ತಿ ಹೇಳಬೇಕು. ದೇವರು ಶಿಕ್ಷಿಸುವ ಮನುಷ್ಯ ಧನ್ಯ, ಗಾಯ ಮಾಡುವವನೂ ಅವನೇ, ಕಟ್ಟುವವನೂ ಅವನೇ ಎಂದು ಎಲೀಫಜ ಹೇಳುತ್ತಾನೆ. ನಿನ್ನ ಮೊದಲ ಸ್ಥಿತಿ ಅಲ್ಪವಾಗಿದ್ದರೂ ಕಡೆಯ ಸ್ಥಿತಿ ಬಹಳ ವೃದ್ಧಿಯಾಗುವುದು ಎಂಬ ಮಾತು ಬಿಲ್ದದನದು. ಇಂದಿಗೂ ಇವನ್ನು ಆಶೀರ್ವಾದದಂತೆ ಉದ್ಧರಿಸುವುದುಂಟು. ಆದರೆ ಇದೇ ಬಿಲ್ದದ ಅದಕ್ಕೆ ಕೆಲವೇ ಸಾಲುಗಳ ಹಿಂದೆ, ನಿನ್ನ ಮಕ್ಕಳು ಪಾಪ ಮಾಡಿದ್ದರಿಂದಲೇ ದೇವರು ಅವರನ್ನು ಅವರ ಅಪರಾಧದ ಕೈಗೆ ಒಪ್ಪಿಸಿರಬೇಕು ಎಂದು ಮಕ್ಕಳ ಹೆಣ ಕಂಡ ತಂದೆಗೆ ಹೇಳಿದ್ದಾನೆ. ಆಶೀರ್ವಾದವೂ ಈ ಕ್ರೌರ್ಯವೂ ಒಂದೇ ತರ್ಕದಿಂದ ಬಂದವು. ಒಳ್ಳೆಯವರಿಗೆ ಒಳಿತು, ಕೆಟ್ಟವರಿಗೆ ಕೇಡು ಎಂಬ ಲೆಕ್ಕ ತಪ್ಪುವುದೇ ಇಲ್ಲವೆಂದಾದರೆ, ಕೇಡು ಕಂಡವನು ಕೆಟ್ಟವನಾಗಿರಲೇಬೇಕಾಗುತ್ತದೆ.

‘ನೀವೆಲ್ಲರೂ ಬೇಸರಿಕೆಯ ಆದರಣಿಕರು’, ಅಂದರೆ ಬೇಸರವನ್ನಷ್ಟೇ ತರುವ ಸಂತೈಕೆಯವರು ಎಂದು ಯೋಬ ಅವರಿಗೆ ಉತ್ತರಿಸುತ್ತಾನೆ. ನನ್ನ ಸ್ಥಾನದಲ್ಲಿ ನೀವಿದ್ದಿದ್ದರೆ ನಿಮ್ಮಂತೆ ಮಾತುಗಳನ್ನು ಹೆಣೆಯಲು ನನಗೂ ಬರುತ್ತಿತ್ತು ಎಂದೂ ಸೇರಿಸುತ್ತಾನೆ. ‘ನೊಂದವರ ನೋವ ನೋಯದವರೆತ್ತ ಬಲ್ಲರು’ ಎಂಬ ಅಕ್ಕಮಹಾದೇವಿಯ ಸಾಲು ಕನ್ನಡದ ಓದುಗರಿಗೆ ಇಲ್ಲಿ ತಾನಾಗಿಯೇ ನೆನಪಾಗುತ್ತದೆ. ಅಕ್ಕನ ನೋವಿನ ಸ್ವರೂಪ ಬೇರೆ, ಯೋಬನದು ಬೇರೆ. ಆದರೂ ನೋವಿನ ಹೊರಗೆ ನಿಂತು ಅದಕ್ಕೆ ಅರ್ಥ ಹೇಳುವವರ ಮೇಲಿನ ಅಸಹನೆ ಇಬ್ಬರಲ್ಲಿಯೂ ಒಂದೇ.

ಕೊನೆಗೆ ದೇವರು ಬಿರುಗಾಳಿಯೊಳಗಿಂದ ಮಾತನಾಡಿದಾಗ ಯೋಬನ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಓದುಗರಾದ ನಮಗೆ ಮೊದಲ ಎರಡು ಅಧ್ಯಾಯಗಳಿಂದ ತಿಳಿದಿರುವ ಕಾರಣವನ್ನು, ಅಂದರೆ ದೇವರಿಗೂ ಸೈತಾನನಿಗೂ ನಡುವೆ ನಡೆದ ಮಾತುಕತೆಯನ್ನು, ಯೋಬನಿಗೆ ಯಾರೂ ಕೊನೆಯವರೆಗೂ ಹೇಳುವುದಿಲ್ಲ. ಭೂಮಿಗೆ ಅಸ್ತಿವಾರ ಹಾಕಿದಾಗ ನೀನೆಲ್ಲಿದ್ದೆ ಎಂದು ಆರಂಭವಾಗುವ ಆ ನಾಲ್ಕು ಅಧ್ಯಾಯಗಳನ್ನು ಗದರಿಕೆಯೆಂದು ಓದಿದವರಿದ್ದಾರೆ, ದರ್ಶನವೆಂದು ಓದಿದವರೂ ಇದ್ದಾರೆ. ನನಗೆ ಎರಡೂ ಪೂರ್ತಿ ಒಪ್ಪಿಗೆಯಾಗಿಲ್ಲ. ಆದರೆ ಅದರ ಹಿಂದೆಯೇ ಬರುವ ತೀರ್ಪಿನಲ್ಲಿ ಗೊಂದಲವಿಲ್ಲ. ನನ್ನ ದಾಸನಾದ ಯೋಬನಂತೆ ನೀವು ನನ್ನ ವಿಷಯವಾಗಿ ಯುಕ್ತವಾದುದನ್ನು ಆಡಲಿಲ್ಲ ಎಂದು ದೇವರು ಎಲೀಫಜನ ಮೇಲೆ ಕೋಪಗೊಳ್ಳುತ್ತಾನೆ. ದೇವರನ್ನು ಸಮರ್ಥಿಸಿದವರು ಇಲ್ಲಿ ತಪ್ಪಿತಸ್ಥರು. ದೇವರ ಮೇಲೆಯೇ ವ್ಯಾಜ್ಯ ಹೂಡಿದವನು ಸರಿಯಾಗಿ ಮಾತನಾಡಿದವನು. ಶಾಸ್ತ್ರಗ್ರಂಥವೊಂದು ತನ್ನೊಳಗಿನ ಶಾಸ್ತ್ರಿಗಳನ್ನೇ ಇಷ್ಟು ನಿಷ್ಠುರವಾಗಿ ಖಂಡಿಸಿದ ಸಂದರ್ಭಗಳು ಹೆಚ್ಚಿಲ್ಲ.

ಇನ್ನು ದೇಹ ಮತ್ತು ಮನಸ್ಸಿನ ಸಂಬಂಧಕ್ಕೆ ಬರುತ್ತೇನೆ. ಈ ಎರಡು ನೋವುಗಳನ್ನು ನಾವು ಬೇರೆ ಬೇರೆಯಾಗಿ ಎಣಿಸುತ್ತೇವೆ. ಧರ್ಮಗ್ರಂಥಗಳ ನರಳಾಟದಲ್ಲಿ ಅವು ಬಹುಪಾಲು ಒಟ್ಟಿಗೇ ಬರುತ್ತವೆ. ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನನ ಮೈಗೆ ಒಂದು ಬಾಣವೂ ತಾಗಿಲ್ಲ. ಆದರೂ ಅವನು ವರ್ಣಿಸುವುದೆಲ್ಲ ದೇಹವನ್ನೇ: ‘ಸೀದಂತಿ ಮಮ ಗಾತ್ರಾಣಿ ಮುಖಂ ಚ ಪರಿಶುಷ್ಯತಿ’, ಅಂಗಾಂಗಗಳು ಕುಸಿಯುತ್ತಿವೆ, ಬಾಯಿ ಒಣಗುತ್ತಿದೆ, ಮೈ ನಡುಗುತ್ತಿದೆ, ಚರ್ಮ ಉರಿಯುತ್ತಿದೆ, ಗಾಂಡೀವ ಕೈಯಿಂದ ಜಾರುತ್ತಿದೆ, ನಿಲ್ಲಲಾಗುತ್ತಿಲ್ಲ, ಮನಸ್ಸು ತಿರುಗುತ್ತಿದೆ. ಇಪ್ಪತ್ತೆರಡನೆಯ ಕೀರ್ತನೆಯನ್ನು ಇದರ ಪಕ್ಕದಲ್ಲಿ ಇಟ್ಟು ಓದಿದರೆ, ಅಲ್ಲಿಯೂ ಎಲುಬುಗಳು ಕೀಲು ತಪ್ಪಿವೆ, ಹೃದಯ ಮೇಣದಂತೆ ಕರಗಿದೆ, ನಾಲಿಗೆ ದವಡೆಗೆ ಅಂಟಿದೆ. ವಿಷಾದದಿಂದ ಬಾಯಿ ಒಣಗುವುದನ್ನು ಎರಡು ದೂರದ ಪರಂಪರೆಗಳು ಒಂದೇ ನಿಖರತೆಯಿಂದ ದಾಖಲಿಸಿವೆ. ಗೀತೆಯ ಆ ಅಧ್ಯಾಯಕ್ಕೆ ಅರ್ಜುನವಿಷಾದಯೋಗ ಎಂದೇ ಹೆಸರು. ಕುಸಿದು ಕುಳಿತವನ ಮಾತಿಗೂ ಸಂಪ್ರದಾಯ ಯೋಗದ ಸ್ಥಾನವನ್ನು ಕೊಟ್ಟಿದೆ.

ಮನಸ್ಸಿನ ಕುಸಿತವನ್ನು ದೇಹದ ಮೂಲಕವೇ ಉಪಚರಿಸಿದ ಒಂದು ಪ್ರಸಂಗ ಬೈಬಲಿನ ಅರಸುಗಳ ಮೊದಲನೆಯ ಗ್ರಂಥದ ಹತ್ತೊಂಬತ್ತನೆಯ ಅಧ್ಯಾಯದಲ್ಲಿದೆ. ಪ್ರವಾದಿ ಎಲೀಯ ದೊಡ್ಡದೊಂದು ವಿಜಯದ ಬೆನ್ನಲ್ಲೇ ರಾಣಿಯ ಕೊಲೆಬೆದರಿಕೆಗೆ ಅಂಜಿ ಮರುಭೂಮಿಗೆ ಓಡುತ್ತಾನೆ. ಒಂದು ಗಿಡದ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣವನ್ನು ತೆಗೆದುಬಿಡು ಎಂದು ಬೇಡಿಕೊಂಡು ಮಲಗುತ್ತಾನೆ. ದೇವದೂತ ಬಂದು ಅವನನ್ನು ಮುಟ್ಟಿ, ಎದ್ದು ತಿನ್ನು ಎನ್ನುತ್ತಾನೆ. ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎಲೀಯ ತಿಂದು, ಕುಡಿದು, ಮತ್ತೆ ಮಲಗುತ್ತಾನೆ. ದೂತ ಎರಡನೆಯ ಸಲವೂ ಮುಟ್ಟಿ ಎಬ್ಬಿಸಿ, ತಿನ್ನು, ದಾರಿ ನಿನ್ನ ಶಕ್ತಿಗೆ ಮೀರಿದ್ದು ಎನ್ನುತ್ತಾನೆ. ಇಂಥ ಮಾತನಾಡಬಹುದೇ, ನಿನ್ನ ನಂಬಿಕೆ ಎಲ್ಲಿ ಹೋಯಿತು ಎಂಬ ಪ್ರಶ್ನೆಗಳು ಆ ದೂತನಿಂದ ಬರುವುದಿಲ್ಲ. ಇಲ್ಲೇನು ಮಾಡುತ್ತಿದ್ದೀ ಎಂದು ದೇವರು ಕೇಳುವುದು 40 ದಿನಗಳ ದಾರಿ ನಡೆದು ಹೋರೇಬ್ ಬೆಟ್ಟವನ್ನು ಮುಟ್ಟಿದ ಮೇಲೆ. ಸಾಯಬೇಕೆನ್ನುವವರಿಗೆ ನಂಬಿಕೆಯ ಕೊರತೆಯಿದೆ ಎಂದು ತೀರ್ಮಾನಿಸುವ ಮೊದಲು ಯಾವ ಧರ್ಮದವರೇ ಆಗಲಿ ಓದಿಕೊಳ್ಳಬೇಕಾದ ಅಧ್ಯಾಯವಿದು. ಅಂಥವರನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯುವುದೂ ಆ ರೊಟ್ಟಿ-ನೀರಿನ ಸಾಲಿಗೇ ಸೇರುತ್ತದೆ.

ಎರಡು ನೋವುಗಳನ್ನು ಬೇರ್ಪಡಿಸಿ ನೋಡುವ ಪಠ್ಯವೂ ಒಂದಿದೆ. ಅದು ಸಂಯುತ್ತ ನಿಕಾಯದ ಸಲ್ಲ ಸುತ್ತ. ಒಬ್ಬನಿಗೆ ಬಾಣವೊಂದು ಚುಚ್ಚಿದ ಮೇಲೆ ಎರಡನೆಯ ಬಾಣವೂ ಚುಚ್ಚಿದಂತೆ, ಧರ್ಮದ ಉಪದೇಶವನ್ನು ಕೇಳಿ ಕಲಿಯದ ಮನುಷ್ಯ ದೇಹದ ನೋವಿನೊಂದಿಗೆ ಮನಸ್ಸಿನ ನೋವನ್ನೂ ಅನುಭವಿಸುತ್ತಾನೆ. ಅರಿವುಳ್ಳ ಶಿಷ್ಯನಿಗಾದರೋ ಮೊದಲ ಬಾಣ ಮಾತ್ರ. ಈ ಮಾತು ಇಂದು ಬಹಳ ಪ್ರಚಾರದಲ್ಲಿದೆ, ಆದರೆ ಅದರ ಅರ್ಧವಷ್ಟೇ ಪ್ರಚಾರವಾಗಿದೆ. ಮೊದಲ ಬಾಣ ನಿಜವಾದದ್ದು, ಅದು ಅರಿವುಳ್ಳವನನ್ನೂ ಚುಚ್ಚುತ್ತದೆ ಎಂಬ ಅರ್ಧ ಮರೆತುಹೋಗಿದೆ. ಮಜ್ಝಿಮ ನಿಕಾಯದ ಸೇಖ ಸುತ್ತದಲ್ಲಿ ಸ್ವತಃ ಬುದ್ಧ, ನನ್ನ ಬೆನ್ನು ನೋಯುತ್ತಿದೆ, ಸ್ವಲ್ಪ ಒರಗುತ್ತೇನೆ ಎಂದು ಉಪದೇಶವನ್ನು ಶಿಷ್ಯ ಆನಂದನಿಗೆ ಒಪ್ಪಿಸಿ ಮಲಗುತ್ತಾನೆ. ಆ ಪಿಟಕವನ್ನು ಬಾಯಿಪಾಠವಾಗಿ ಕಾಪಾಡಿದವರು ಆ ಬೆನ್ನುನೋವನ್ನು ಬಿಟ್ಟುಬಿಡಬಹುದಿತ್ತು, ಬಿಡಲಿಲ್ಲ. ಸಲ್ಲ ಸುತ್ತ ಹೇಳುವ ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು: ನೋವಿನಿಂದ ಪಾರಾಗಲು ಬೇರೆ ದಾರಿ ತಿಳಿಯದವನು ಇಂದ್ರಿಯಸುಖದ ಕಡೆಗೆ ಓಡುತ್ತಾನೆ. ನೋವಿನ ಹೊತ್ತಿನ ಚಟಗಳನ್ನು ಇದು ದೂಷಣೆಯಿಲ್ಲದೆ ವಿವರಿಸುವ ರೀತಿ ನನಗೆ ಮೆಚ್ಚುಗೆಯಾದದ್ದು.

ಇಲ್ಲೊಂದು ತೊಡಕಿದೆ. ಗೋಳಾಡುವುದು, ಎದೆ ಬಡಿದುಕೊಳ್ಳುವುದು ಸಲ್ಲ ಸುತ್ತದ ಪ್ರಕಾರ ಎರಡನೆಯ ಬಾಣದ ಲಕ್ಷಣ. ಕೀರ್ತನೆಗಳ ಪ್ರಕಾರ ಅದೇ ಪ್ರಾರ್ಥನೆ. ‘ನರಳಿ ನರಳಿ ದಣಿದಿದ್ದೇನೆ’ ಎನ್ನುವ ಆರನೆಯ ಕೀರ್ತನೆಯಲ್ಲಿ ಪ್ರತಿರಾತ್ರಿಯೂ ಹಾಸಿಗೆ ಕಣ್ಣೀರಿನಲ್ಲಿ ತೇಲುತ್ತದೆ. ಇವೆರಡನ್ನೂ ಬೆಸೆಯಲು ನಾನು ಪ್ರಯತ್ನಿಸುವುದಿಲ್ಲ. ಒಂದು ಪರಂಪರೆಯಲ್ಲಿ ಗೋಳನ್ನು ಕೇಳಿಸಿಕೊಳ್ಳುವ ದೇವರಿದ್ದಾನೆ, ಇನ್ನೊಂದರಲ್ಲಿ ಮನಸ್ಸನ್ನು ಪಳಗಿಸುವ ಮಾರ್ಗವಿದೆ. ವ್ಯತ್ಯಾಸ ಅಲ್ಲಿಂದ ಹುಟ್ಟಿದ್ದು. ಆದರೆ ಒಬ್ಬರ ಅಳು ಎರಡನೆಯ ಬಾಣವೋ ಅಲ್ಲವೋ ಎಂದು ಪಕ್ಕದಲ್ಲಿ ಕುಳಿತವರು ಅಳೆಯಲಾರರು ಎಂಬಷ್ಟನ್ನು ಹೇಳಬಲ್ಲೆ. ಆ ಸುತ್ತ ಭಿಕ್ಷುಗಳಿಗೆ ತಮ್ಮ ಮನಸ್ಸನ್ನು ತಾವು ನೋಡಿಕೊಳ್ಳಲು ಹೇಳಿದ್ದು.

ಗೀತೆಯ ‘ತಾಂಸ್ತಿತಿಕ್ಷಸ್ವ ಭಾರತ’ ಎಂಬ ಮಾತಿಗೂ ಇದೇ ಗತಿ ಬಂದಿದೆ. ಶೀತೋಷ್ಣ, ಸುಖದುಃಖಗಳು ಬಂದುಹೋಗುವಂಥವು, ಅವನ್ನು ಸಹಿಸು ಎಂಬ ಆ ಶ್ಲೋಕವನ್ನು ಹೇಳುವವನು ಅರ್ಜುನನ ರಥದಲ್ಲಿ, ಅವನ ಜೊತೆಗೆ, ಅದೇ ಯುದ್ಧದ ನಡುವೆ ಕುಳಿತ ಗೆಳೆಯ ಕೃಷ್ಣ. ಅದೂ ‘ಶಿಷ್ಯಸ್ತೇಽಹಂ ಶಾಧಿ ಮಾಂ’, ನಾನು ನಿನ್ನ ಶಿಷ್ಯ, ನನಗೆ ಉಪದೇಶಿಸು ಎಂದು ಅರ್ಜುನ ತಾನಾಗಿ ಕೇಳಿಕೊಂಡ ಮೇಲೆ. ಇಷ್ಟನ್ನೂ ಕೇಳಿ ಎದ್ದುನಿಂತ ಅರ್ಜುನ ದ್ರೋಣಪರ್ವದಲ್ಲಿ ಅಭಿಮನ್ಯುವಿನ ಸಾವಿನ ಸುದ್ದಿ ತಿಳಿದಾಗ ಸಾಮಾನ್ಯ ತಂದೆಯಂತೆ ಗೋಳಿಡುತ್ತಾನೆ. ಗೀತೆಯನ್ನು ನೇರವಾಗಿ ಕೇಳಿದವನೂ ಅತ್ತಿದ್ದಾನೆ. ಮುಂದೆ ಸ್ತ್ರೀಪರ್ವದಲ್ಲಿ ಗಾಂಧಾರಿ ರಣಭೂಮಿಯಲ್ಲಿ ಒಂದೊಂದೇ ಹೆಣವನ್ನು ತೋರಿಸುತ್ತ ಕೃಷ್ಣನನ್ನೇ ಶಪಿಸುತ್ತಾಳೆ. ಆ ಶಾಪವನ್ನು ಅವನು ನಿರಾಕರಿಸುವುದಿಲ್ಲ. ಮಹಾಭಾರತವನ್ನು ಬಿಟ್ಟು ಗೀತೆಯನ್ನಷ್ಟೇ ಓದಿದರೆ ತಿತಿಕ್ಷೆ, ಅಂದರೆ ಸಹನೆ, ಕಲ್ಲಾಗುವ ಸಲಹೆಯಂತೆ ಕೇಳಿಸುತ್ತದೆ, ಒಟ್ಟಿಗೆ ಓದಿದರೆ ಹಾಗೆ ಕೇಳಿಸುವುದಿಲ್ಲ.

ಕುರ್‌ಆನ್ ಸಹನೆ ಮತ್ತು ಅಳು ಈ ಎರಡನ್ನೂ ಒಬ್ಬನೇ ಮನುಷ್ಯನಲ್ಲಿ ಕೂಡಿಸಿ ತೋರಿಸುತ್ತದೆ. ಹನ್ನೆರಡನೆಯ ಅಧ್ಯಾಯದಲ್ಲಿ ಮಗ ಯೂಸುಫನನ್ನು ಕಳೆದುಕೊಂಡ ಯಾಕೂಬ್ ಸುಂದರವಾದ ಸಹನೆಯೇ ತನಗಿರುವ ದಾರಿ ಎನ್ನುತ್ತಾನೆ. ಅದೇ ಯಾಕೂಬನ ಕಣ್ಣುಗಳು ದುಃಖದಿಂದ ಬೆಳ್ಳಗಾಗುತ್ತವೆ. ಮಕ್ಕಳು ಆಕ್ಷೇಪಿಸಿದಾಗ, ನನ್ನ ಸಂಕಟವನ್ನೂ ದುಃಖವನ್ನೂ ನಾನು ಅಲ್ಲಾಹನಲ್ಲಿ ಮಾತ್ರ ತೋಡಿಕೊಳ್ಳುತ್ತೇನೆ ಎಂಬುದು ಅವನ ಉತ್ತರ. ಸಹನೆಗೂ ಕಣ್ಣೀರಿಗೂ ಅಲ್ಲಿ ಜಗಳವಿಲ್ಲ.

ನೋವಿಗೆ ಕೊನೆಯಲ್ಲಿ ಬೆಳಕು ಕಾಣಲೇಬೇಕೆಂಬ ಒತ್ತಾಯವೂ ಈ ಗ್ರಂಥಗಳಿಗಿಲ್ಲ. ಎಂಬತ್ತೆಂಟನೆಯ ಕೀರ್ತನೆ ಕತ್ತಲೆಯ ಮಾತಿನಲ್ಲಿಯೇ ಮುಗಿಯುತ್ತದೆ. ಬೇರೆ ಗೋಳಿನ ಕೀರ್ತನೆಗಳ ಕೊನೆಯಲ್ಲಿ ಸಾಮಾನ್ಯವಾಗಿ ಬರುವ ಸ್ತುತಿ ಅಲ್ಲಿ ಬರುವುದಿಲ್ಲ. ಯೆರೂಸಲೇಮಿನ ನಾಶದ ಶೋಕವಾದ, ಬೈಬಲಿನ ಪ್ರಲಾಪಗಳ ಗ್ರಂಥದಲ್ಲಿ ದೇವರ ಕರುಣೆ ದಿನದಿನವೂ ಹೊಸದಾಗುತ್ತದೆ ಎಂಬ ಭರವಸೆಯ ಮಾತು ಐದು ಅಧ್ಯಾಯಗಳ ನಡುವಿನದರಲ್ಲಿ ಬರುತ್ತದೆ. ಅದಾದ ಮೇಲೆ ಹಸಿವು, ಹೆಣ, ಅವಮಾನಗಳು ಮತ್ತೆ ಆರಂಭವಾಗುತ್ತವೆ. ಕೊನೆಯ ವಚನ, ನೀನು ನಮ್ಮನ್ನು ಸಂಪೂರ್ಣವಾಗಿ ತಳ್ಳಿಬಿಟ್ಟೆಯೋ ಎಂಬ ಭಯದಲ್ಲಿ ನಿಲ್ಲುತ್ತದೆ. ನಡುವೆ ಕಂಡ ಭರವಸೆ ಸುಳ್ಳಾಗಿರಲಿಲ್ಲ, ಆದರೆ ಅದರಿಂದ ದುಃಖ ಮುಗಿದೂ ಇರಲಿಲ್ಲ. ದೀರ್ಘಕಾಲದ ಕಾಯಿಲೆಯಲ್ಲಿರುವವರಿಗೆ ಈ ಕ್ರಮ ಚೆನ್ನಾಗಿ ಪರಿಚಿತ.

ನೋವಿಗೆ ಅರ್ಥ ದೊರೆತ ಪ್ರಸಂಗಗಳೂ ಇವೆ. ಬೈಬಲಿನಲ್ಲಿ, ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ, ಆದಿ ಕ್ರೈಸ್ತ ಪ್ರಚಾರಕ ಪೌಲ ತನ್ನ ಶರೀರದಲ್ಲಿ ನಾಟಿದ ಶೂಲವನ್ನು ತೆಗೆಯಬೇಕೆಂದು 3 ಸಲ ಬೇಡಿಕೊಂಡದ್ದನ್ನೂ, ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ ಬಂದದ್ದನ್ನೂ ಹೇಳಿಕೊಳ್ಳುತ್ತಾನೆ. ಶೂಲ ಯಾವುದೆಂದು ಅವನು ಬಿಡಿಸಿ ಹೇಳುವುದಿಲ್ಲವಾದ್ದರಿಂದ ಬೇರೆ ಬೇರೆ ನೋವಿನವರು ತಮ್ಮದನ್ನು ಅಲ್ಲಿ ಇಟ್ಟು ಓದಿಕೊಂಡಿದ್ದಾರೆ. ಆದರೆ ಅವನು ಮೊದಲು ಬೇಡಿದ್ದು ನೋವು ಹೋಗಲಿ ಎಂದೇ. ಅರ್ಥ ಸಿಕ್ಕಿದ್ದು ಆಮೇಲೆ, ಅವನಿಗೇ. ಮನೆಯಲ್ಲಿ ಹೊಡೆತ ತಿನ್ನುವವರಿಗೆ, ಚಿಕಿತ್ಸೆ ಬೇಕಾದವರಿಗೆ ಇದೇ ವಚನವನ್ನು ತೋರಿಸಿ ಸಹಿಸಿಕೊಳ್ಳಲು ಹೇಳುವವರು ಪೌಲನ ಮಾತನ್ನು ಅವನ ಬಾಯಿಂದ ಕಿತ್ತುಕೊಂಡಿದ್ದಾರೆ. ನೋವನ್ನು ಕಳೆಯಲು ಸಾಧ್ಯವಿರುವಲ್ಲಿ ಕಳೆಯುವುದೇ ಮೊದಲ ಕೆಲಸವೆಂಬುದಕ್ಕೂ ಶಾಸ್ತ್ರದ ಆಧಾರವಿದೆ. ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕದ ಮಹಾವಗ್ಗದಲ್ಲಿ ಭೇದಿಯಿಂದ ಬಳಲುತ್ತ ತನ್ನ ಹೊಲಸಿನಲ್ಲಿಯೇ ಬಿದ್ದಿದ್ದ ಭಿಕ್ಷುವನ್ನು ಬುದ್ಧ ಮತ್ತು ಆನಂದ ನೀರು ತಂದು ತೊಳೆದು, ಎತ್ತಿ ಮಂಚದ ಮೇಲೆ ಮಲಗಿಸುತ್ತಾರೆ. ಅನಂತರ ಬುದ್ಧ ಸಂಘವನ್ನು ಕರೆದು ಹೇಳಿದ್ದು: ನನಗೆ ಸೇವೆ ಮಾಡಬಯಸುವವನು ರೋಗಿಗೆ ಸೇವೆ ಮಾಡಲಿ.

ಕೊನೆಯದಾಗಿ ಯೋಬನ ಗ್ರಂಥದ ಮುಕ್ತಾಯದ ಬಗ್ಗೆ ಒಂದು ಮಾತು, ಏಕೆಂದರೆ ಅದನ್ನು ಎಲ್ಲವೂ ಸುಖಾಂತವಾಗುತ್ತದೆ ಎಂಬುದಕ್ಕೆ ಪುರಾವೆಯಾಗಿ ಬಳಸುವುದುಂಟು. ಕುರಿ, ಒಂಟೆ, ಎತ್ತು, ಹೆಣ್ಣುಕತ್ತೆಗಳು ಅವನಿಗೆ ಮೊದಲಿದ್ದುದರ ಎರಡರಷ್ಟು ಸಿಗುತ್ತವೆ. ಮಕ್ಕಳು ಮಾತ್ರ ಎರಡರಷ್ಟಾಗುವುದಿಲ್ಲ. ಮೊದಲಿನಂತೆಯೇ 7 ಗಂಡು, 3 ಹೆಣ್ಣು. ಸತ್ತ ಹತ್ತು ಮಕ್ಕಳು ಪರಲೋಕದಲ್ಲಿ ಇನ್ನೂ ಅವನವರೇ, ಆದ್ದರಿಂದಲೇ ಎಣಿಕೆ ಸರಿಹೋಯಿತು ಎಂದು ಕೆಲವರು ವ್ಯಾಖ್ಯಾನಿಸುತ್ತಾರೆ. ಅಷ್ಟು ಅಚ್ಚುಕಟ್ಟಾದ ಲೆಕ್ಕ ನನಗೆ ಎಲೀಫಜನದೇ ಮಾತಿನಂತೆ ಕೇಳಿಸುತ್ತದೆ. ಪಠ್ಯದಲ್ಲಿ ಇರುವುದು ಇಷ್ಟು: ಆಸ್ತಿ ಎರಡರಷ್ಟಾಗಿ ಮರಳಿತು ಎಂದು ಹೇಳಿದ ನಂತರದ ವಚನದಲ್ಲಿ ಅವನ ಅಣ್ಣತಮ್ಮಂದಿರು, ಅಕ್ಕತಂಗಿಯರು, ಹಿಂದಿನ ಪರಿಚಿತರು ಎಲ್ಲರೂ ಅವನ ಮನೆಗೆ ಬಂದು, ಅವನೊಂದಿಗೆ ಊಟ ಮಾಡಿ, ಅವನಿಗೆ ಬಂದಿದ್ದ ಎಲ್ಲ ಕೇಡಿಗಾಗಿ ಮರುಗಿ ಅವನನ್ನು ಸಂತೈಸುತ್ತಾರೆ. ಕಳೆದದ್ದು ಮರಳಿದೆಯೆಂದು ಗ್ರಂಥವೇ ಹೇಳಿದ ಮೇಲೂ ಅವನಿಗೆ ಸಾಂತ್ವನ ಬೇಕಾಗಿತ್ತು; ಬಂದವರು ಅದು ಏಕೆ ಬೇಕೆಂದು ಕೇಳಲಿಲ್ಲ.